ಎಳೆತ ಮತ್ತು ಸ್ಫಟಿಕ: ಪಾಲಿಯೆಸ್ಟರ್ ಫಿಲ್ಮಿನ ಒಳರಚನೆ

ಪಾಲಿಎಥಿಲೀನ್ ಟೆರೆಫ್ತಲೇಟ್, ಅಂದರೆ ಪೆಟ್, ಫಿಲ್ಮ್ ತಯಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಪಾಲಿಯೆಸ್ಟರ್. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಇದನ್ನು ರೂಪಿಸಿದರು. 1950ರ ದಶಕದಲ್ಲಿ ಮೈಲಾರ್, ಮೆಲಿನೆಕ್ಸ್ ಎಂಬ ಹೆಸರಿನ ಫಿಲ್ಮ್‌ಗಳು ಮಾರುಕಟ್ಟೆಗೆ ಬಂದವು. ಎಳೆಯದ ಪೆಟ್ ಹಾಳೆಗೂ ಎಳೆದ ಫಿಲ್ಮಿಗೂ ರಾಸಾಯನಿಕವಾಗಿ ವ್ಯತ್ಯಾಸವಿಲ್ಲ. ಆದರೂ ಮೊದಲನೆಯದರ ಕರ್ಷಣ ಬಲ ಸುಮಾರು 50 ಮೆಗಾಪಾಸ್ಕಲ್ ಇದ್ದರೆ, ಎರಡು ದಿಕ್ಕಿಗೂ ಎಳೆದ ಫಿಲ್ಮಿನದು 200ರ ಆಸುಪಾಸು. ಈ ಅಂತರಕ್ಕೆ ಕಾರಣ ಅಣುಗಳ ಜೋಡಣೆ.

ತಯಾರಿಕೆಯ ಮೊದಲ ಹಂತದಲ್ಲಿ, ಕರಗಿದ ಪೆಟ್ಟನ್ನು ಅಗಲವಾದ ಸೀಳುಕಂಡಿಯಿಂದ ತಣ್ಣನೆಯ ಉರುಳೆಯ ಮೇಲೆ ಇಳಿಸುತ್ತಾರೆ. ತಟ್ಟನೆ ತಣಿಯುವುದರಿಂದ ಉದ್ದುದ್ದ ಅಣುಸರಪಣಿಗಳಿಗೆ ಸಾಲುಗೂಡಲು ಸಮಯ ಸಿಗುವುದಿಲ್ಲ. ಸುರುಳಿ ಸುತ್ತಿಕೊಂಡು ಎಲ್ಲ ದಿಕ್ಕಿಗೂ ಹರಡಿ ನಿಂತುಬಿಡುತ್ತವೆ. ಇದು ಅಸ್ಫಟಿಕ ಸ್ಥಿತಿ. ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.335 ಗ್ರಾಂ.

ಪೆಟ್ ಗಾಜಿನಂತಹ ಬಿರುಸನ್ನು ಬಿಟ್ಟು ಮೆದುವಾಗುವುದು 70ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ. ಎಳೆತ ನಡೆಯುವುದು ಇದಕ್ಕಿಂತ ತುಸು ಮೇಲೆ, ಸಾಮಾನ್ಯವಾಗಿ 80ರಿಂದ 100 ಡಿಗ್ರಿಯಲ್ಲಿ. ಹಾಳೆ ಹಿಗ್ಗಿದಂತೆ ಸುರುಳಿಗಳು ಬಿಚ್ಚಿಕೊಂಡು ಎಳೆತದ ದಿಕ್ಕಿಗೆ ತಿರುಗುತ್ತವೆ. ಸರಪಣಿಯಲ್ಲಿನ ಎಥಿಲೀನ್ ಗ್ಲೈಕಾಲ್ ಭಾಗ ಬಾಗಿದ ಗೌಶ್ ರೂಪದಿಂದ ನೇರವಾದ ಟ್ರಾನ್ಸ್ ರೂಪಕ್ಕೆ ಬದಲಾಗುತ್ತದೆ. ನೆಟ್ಟಗಾದ ಸರಪಣಿಗಳು ಪಕ್ಕಪಕ್ಕ ಬಂದಾಗ ಸ್ಫಟಿಕಗಳು ಹುಟ್ಟುತ್ತವೆ. ಎಳೆಯದ ಹಾಳೆ ಇದೇ ಉಷ್ಣತೆಯಲ್ಲಿ ಬಹಳ ನಿಧಾನವಾಗಿ ಸ್ಫಟಿಕವಾಗುತ್ತದೆ. ಎಳೆತ ಆ ಕೆಲಸವನ್ನು ಕ್ಷಣಗಳಲ್ಲಿ ಮುಗಿಸುತ್ತದೆ. ಸ್ಫಟಿಕಗಳು ಸರಪಣಿಗಳನ್ನು ಗಂಟಿನಂತೆ ಬಿಗಿಹಿಡಿಯುವುದರಿಂದ ಫಿಲ್ಮ್ ಮುಂದಿನ ಎಳೆತಕ್ಕೆ ಹೆಚ್ಚು ಪ್ರತಿರೋಧ ಒಡ್ಡುತ್ತದೆ.

ಈ ಸ್ಫಟಿಕದ ರಚನೆಯನ್ನು 1954ರಲ್ಲಿ ಡಾಬೆನಿ, ಬನ್ ಮತ್ತು ಬ್ರೌನ್ ನಿರ್ಧರಿಸಿದರು. ಇದರ ಏಕಮಾನ ಕೋಶ ಮೂರು ಅಸಮ ಬದಿಗಳ, ಯಾವ ಕೋನವೂ ಲಂಬವಲ್ಲದ ಓರೆ ಪೆಟ್ಟಿಗೆ; ಸರಪಣಿಯ ದಿಕ್ಕಿನಲ್ಲಿ ಅದರ ಉದ್ದ 10.75 ಆಂಗ್‌ಸ್ಟ್ರಾಮ್. ಸ್ಫಟಿಕದ ಸಾಂದ್ರತೆ 1.455. ಹೀಗಾಗಿ ಫಿಲ್ಮಿನ ಸಾಂದ್ರತೆಯನ್ನು ಅಳೆದರೆ ಸ್ಫಟಿಕದ ಪಾಲು ಎಷ್ಟೆಂದು ಅಂದಾಜು ಸಿಗುತ್ತದೆ.

ಎಕ್ಸ್-ರೇ ಚಿತ್ರದಲ್ಲಿ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಎಳೆಯದ ಹಾಳೆ ಒಂದು ಮಸುಕಾದ, ಅಗಲವಾದ ಉಂಗುರವನ್ನಷ್ಟೇ ತೋರಿಸುತ್ತದೆ. ಒಂದು ದಿಕ್ಕಿಗೆ ಎಳೆದಂತೆ ಅದರ ಕಾಂತಿ ಎರಡು ಪಕ್ಕಗಳಿಗೆ ಸರಿಯುತ್ತದೆ. ಸ್ಫಟಿಕಗಳು ಮೂಡಿದ ಮೇಲೆ ಚೂಪಾದ ಚಾಪಗಳು ಕಾಣಿಸಿಕೊಳ್ಳುತ್ತವೆ. ಚಾಪ ಕಿರಿದಾದಷ್ಟೂ ಸ್ಫಟಿಕಗಳ ಸಾಲು ನೇರ.

ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಮೊದಲು ವೇಗ ಬೇರೆಬೇರೆಯಿರುವ ಉರುಳೆಗಳ ನಡುವೆ ಉದ್ದಕ್ಕೆ, ಆಮೇಲೆ ಅಂಚುಗಳನ್ನು ಕ್ಲಿಪ್ಪುಗಳಲ್ಲಿ ಹಿಡಿದು ಅಡ್ಡಕ್ಕೆ, ತಲಾ ಮೂರರಿಂದ ನಾಲ್ಕು ಪಟ್ಟು ಎಳೆಯುತ್ತಾರೆ. ಎರಡನೆಯ ಎಳೆತದಲ್ಲಿ ಸರಪಣಿಗಳ ಒಂದು ಪಾಲು ಅಡ್ಡ ದಿಕ್ಕಿಗೆ ತಿರುಗುತ್ತದೆ. ಚಪ್ಪಟೆಯಾದ ಬೆಂಜೀನ್ ಉಂಗುರಗಳು ಫಿಲ್ಮಿನ ಮೈಗೆ ಬಹುಮಟ್ಟಿಗೆ ಸಮಾಂತರವಾಗಿ ಮಲಗುತ್ತವೆ. ಬೆಳಕಿನ ವಕ್ರೀಭವನಾಂಕ ಇದಕ್ಕೆ ಸಾಕ್ಷಿ: ಎಳೆಯದ ಹಾಳೆಯಲ್ಲಿ ಎಲ್ಲೆಡೆ 1.575ರ ಸುಮಾರಿಗಿದ್ದದ್ದು, ಎಳೆದ ಮೇಲೆ ಮೈಯುದ್ದಕ್ಕೆ 1.65ರ ಹತ್ತಿರ ಏರಿ, ದಪ್ಪದ ದಿಕ್ಕಿನಲ್ಲಿ 1.49ರ ಹತ್ತಿರ ಇಳಿಯುತ್ತದೆ.

ಎಳೆಯದ ಹಾಳೆಯನ್ನು ಬರಿದೇ ಕಾಯಿಸಿದರೂ ಸ್ಫಟಿಕ ಬೆಳೆಯುತ್ತದೆ. ಆದರೆ ಅವು ದೊಡ್ಡ ಗೋಳಗಳಾಗಿ ಗುಂಪುಗೂಡಿ ಬೆಳಕನ್ನು ಚದುರಿಸುವುದರಿಂದ ಹಾಳೆ ಬಿಳಿಚಿಕೊಂಡು ಪೆಡಸಾಗುತ್ತದೆ. ಎಳೆತದಿಂದ ಮೂಡುವ ಸ್ಫಟಿಕಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಸಣ್ಣವು. ಫಿಲ್ಮ್ ಪಾರದರ್ಶಕವಾಗಿಯೇ ಉಳಿಯುತ್ತದೆ.

ಎಳೆತದ ಉಷ್ಣತೆ ಮತ್ತು ವೇಗ ಒಂದಕ್ಕೊಂದು ಹೊಂದಬೇಕು. ಉಷ್ಣತೆ ಹೆಚ್ಚಾಗಿ ವೇಗ ಕಡಿಮೆಯಾದರೆ ಸರಪಣಿಗಳು ಜಾರಿ ಮತ್ತೆ ಸುರುಳಿಗಟ್ಟುತ್ತವೆ: ಫಿಲ್ಮ್ ತೆಳುವಾಗುತ್ತದೆ, ಸಾಲು ಮೂಡುವುದಿಲ್ಲ. ಕೊನೆಯ ಹಂತದಲ್ಲಿ ಫಿಲ್ಮನ್ನು ಬಿಗಿಹಿಡಿದೇ 200 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಆಗ ಸ್ಫಟಿಕಗಳು ಬೆಳೆದು ದೋಷ ಕಳೆದುಕೊಳ್ಳುತ್ತವೆ, ನಡುವಿನ ಅಸ್ಫಟಿಕ ಭಾಗದ ಬಿಗುವು ಸಡಿಲುತ್ತದೆ. ಹೀಗೆ ಹದಗೊಂಡ ಫಿಲ್ಮ್ ಮುಂದೆ ಬಿಸಿ ತಗುಲಿದಾಗ ಹೆಚ್ಚು ಕುಗ್ಗದೆ ತನ್ನ ಅಳತೆಯನ್ನು ಕಾಯ್ದುಕೊಳ್ಳುತ್ತದೆ.