ಹಾಲಿನ ಲೆಕ್ಕ, ಬಿಪಿಯ ಲೆಕ್ಕ

ಹೊನ್ನಾಳಿ, ನ್ಯಾಮತಿ ಕಡೆ ಡೈರಿಗೆ ಹಾಲು ಹಾಕುವವರ ಮನೆಯಲ್ಲಿ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ: ಎಷ್ಟು ಲೀಟರ್, ಎಷ್ಟು ಫ್ಯಾಟು. ಅದೇ ಮನೆಯ ಯಜಮಾನರ ಬಿಪಿ ಎಷ್ಟೆಂದು ಕೇಳಿ. "ಹೋದ ವರ್ಷ ಸ್ವಲ್ಪ ಜಾಸ್ತಿ ಅಂದಿದ್ರು" ಎನ್ನುತ್ತಾರೆ.

ಜಾಸ್ತಿ ಎಂದರೆ ಎಷ್ಟು? ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅಧಿಕ ರಕ್ತದೊತ್ತಡ. ಗದ್ದೆಯಿಂದ ಸೈಕಲ್ ತುಳಿದು ಬಂದು, ಕಾಫಿ ಕುಡಿದು, ಮಾತಾಡುತ್ತಲೇ ತೋಳು ಚಾಚಿದರೆ ಅಂಕಿ ಏರದೆ ಏನು ಮಾಡೀತು! ಬೆನ್ನು ಆನಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತಮೇಲೆ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಿಸಬೇಕು. ತಾರೀಖಿನ ಸಮೇತ ಬರೆದಿಡಬೇಕು.

ಊರಿಗೆ ತಕ್ಕ ಎಚ್ಚರವೂ ಬೇಕು. ಜಗಳೂರಿನಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಹಳೆಯ ಕಾಟ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ಕೇಡು. ಚನ್ನಗಿರಿಯವರಿಗೆ ಹೇಳಲು ಕಷ್ಟವಾದರೂ ಹೇಳಬೇಕು: ಅನ್ನ ಕೊಡುವ ಅಡಿಕೆಯನ್ನು ಸದಾ ಜಗಿಯುವುದು ಬಾಯಿ ಕ್ಯಾನ್ಸರಿಗೆ ದಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಕಂಡರೆ ತಡಮಾಡಬೇಡಿ.

ಮೆಂತ್ಯದ ನೀರು ಕುಡಿದು ಮಾತ್ರೆ ಬಿಡಿ ಎನ್ನುವ ವಾಟ್ಸಾಪ್ ಸಂದೇಶ ಬಂತೇ? ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತೋರಿಸಿ ಕೇಳಿ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಇವತ್ತೇ ಹೊರಟಿದ್ದರೆ, ನೀರು ಕುಡಿಯಬಹುದು. ಒಲೆಯ ಮೇಲಿನ ಚಹಾ ಮಾತ್ರ ಬಂದಮೇಲೆ.