ಮನುಷ್ಯರನ್ನು ‘ಅದು’ ಅನ್ನಬೇಡಿ



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುತ್ತಾ ಕಲಿತ ವ್ಯಾಕರಣ ನನ್ನದು. ಅದರಲ್ಲೊಂದು ಪಾಠವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಒಮ್ಮೆ ಉತ್ತರಕ್ರಿಯೆಯ ಪತ್ರವೊಂದರಲ್ಲಿ ‘ಮೂರು ಸೊಸೆಯಂದಿರು’ ಎಂದು ಅಚ್ಚಾಗಿಬಿಟ್ಟಿತು. ಪ್ರೂಫ್ ನೋಡಿದವನು ನಾನೇ. ತೀರಿಕೊಂಡವರ ಅಕ್ಕ, ಎಂಬತ್ತು ದಾಟಿದ ಅಜ್ಜಿ, ಪತ್ರ ಓದಿಸಿಕೊಂಡು ಪ್ರೆಸ್ಸಿಗೇ ಬಂದರು. “ಮೂರು ಕುರ್ಚಿ ಅನ್ನು, ಮೂರು ಚೊಂಬು ಅನ್ನು. ನಮ್ಮನೆ ಸೊಸೆಯರು ಮೂವರು ಕಣಪ್ಪ, ಸಾಮಾನಲ್ಲ” ಅಂದರು. ನನಗೆ ತಲೆ ಎತ್ತಲಾಗಲಿಲ್ಲ. ಐನೂರು ಪತ್ರವನ್ನೂ ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆ.

ಅಜ್ಜಿ ಶಾಲೆ ಕಂಡವರಲ್ಲ. ಆದರೆ ಕನ್ನಡದ ಮರ್ಮ ಅವರ ನಾಲಿಗೆಯ ಮೇಲಿತ್ತು. ಇಂಗ್ಲಿಷಿನಲ್ಲಿ ಹುಡುಗ ಬಂದರೂ ನಾಯಿ ಬಂದರೂ ಮಳೆ ಬಂದರೂ ಒಂದೇ ‘ಕೇಮ್’. ಹಿಂದಿಯಲ್ಲಿ ಕುರ್ಚಿ ಹೆಣ್ಣು, ದರ್ವಾಜಾ ಗಂಡು. ನಮ್ಮಲ್ಲಿ ಹುಡುಗ ಬಂದ, ಹುಡುಗಿ ಬಂದಳು, ನಾಯಿ ಬಂತು, ಮಳೆ ಬಂತು. ‘ಪುಸ್ತಕ ತಂದೆ’ ಅಂದರೆ ನಡೆಯುತ್ತದೆ. ‘ಹುಡುಗ ಕರೆದೆ’ ಅಂದರೆ ನಡೆಯುವುದಿಲ್ಲ, ‘ಹುಡುಗನನ್ನು ಕರೆದೆ’ ಅನ್ನಲೇಬೇಕು. ಬಾಯಿ ತೆರೆದಾಗಲೆಲ್ಲ ನಮ್ಮ ನುಡಿ ಕೇಳುತ್ತದೆ: ನೀನು ಹೇಳುತ್ತಿರುವುದು ಮನುಷ್ಯರ ಮಾತೋ, ಅಲ್ಲವೋ?

ಮನಸ್ಸಿಗೂ ಇಂಥದೊಂದು ಗುಣವಿದೆ. 2007ರಲ್ಲಿ ಅಮೆರಿಕದ ಸಂಶೋಧಕರು ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದಾಗ, ವಸ್ತುಗಳಲ್ಲಾದ ಬದಲಾವಣೆಗಿಂತ ಮನುಷ್ಯರಲ್ಲಿ, ಪ್ರಾಣಿಗಳಲ್ಲಿ ಆದ ಬದಲಾವಣೆ ಜನರ ಕಣ್ಣಿಗೆ ಬೇಗ ಬಿತ್ತು. 2013ರಲ್ಲಿ ಜೇಮ್ಸ್ ನೈರ್ನ್ ಮತ್ತು ಸಂಗಡಿಗರು, ಜೀವವಿಲ್ಲದವುಗಳ ಹೆಸರಿಗಿಂತ ಜೀವವಿರುವವುಗಳ ಹೆಸರು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ತೋರಿಸಿದರು. ಕಣ್ಣು ಮತ್ತು ನೆನಪು ಜೀವವನ್ನು ಹುಡುಕುತ್ತವೆ. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೀವಗಳ ನಡುವೆ ಮನುಷ್ಯರನ್ನು ಬೇರೆಯಾಗಿ ನಿಲ್ಲಿಸುತ್ತದೆ.

ಹಾಗಂತ ಕನ್ನಡ ಕಲ್ಲಿನ ಗೋಡೆಯಲ್ಲ. ಸೂರ್ಯ ಹುಟ್ಟಿದ ಅನ್ನುತ್ತೇವೆ. ಕಿನ್ನರಿ ಬಾರಿಸುವುದು ‘ಕೋಣನ’ ಮುಂದೆ. ಮಗು ಮಾತ್ರ ‘ಅಳುತ್ತಿದೆ’, ಅದು ಮುದ್ದು. ಪ್ರೀತಿ, ಗೌರವಕ್ಕೆ ತಕ್ಕಂತೆ ಗೆರೆ ಅತ್ತಿತ್ತ ಸರಿಯುತ್ತದೆ.

ಆದರೆ ಅದೇ ಗೆರೆ ಚಾಟಿಯೂ ಆಗುತ್ತದೆ. ಕಸ ಗುಡಿಸುವ ತಾಯಿಯನ್ನು ‘ಅದು ಇವತ್ತು ಬಂದಿಲ್ಲ’ ಅನ್ನುವವರನ್ನು ನೀವು ಕೇಳಿಲ್ಲವೇ? ವಾಚ್‌ಮನ್ ವಿಷಯದಲ್ಲಿ ‘ಅದಕ್ಕೇನು ಗೊತ್ತು’ ಅನ್ನುವವರನ್ನು? ಒಂದೇ ಪದ, ಮನುಷ್ಯರು ಸಾಮಾನಿನ ಸಾಲಿಗೆ ಬಿದ್ದರು. ಇದು ಕನ್ನಡದ ತಪ್ಪಲ್ಲ, ನಾಲಿಗೆಯ ತಪ್ಪು.

ಗೆಳೆಯರೇ, ಮಾತಿನ ನಡುವೆ ಇಂಗ್ಲಿಷ್ ಬೆರೆತರೆ ಬೆರೆಯಲಿ. ಆದರೆ ಇಬ್ಬರು, ಮೂವರು, ನಾಲ್ವರು, ಐವರು ಎಂಬ ಪದಗಳನ್ನು ಕೈಬಿಡಬೇಡಿ. ದುಡಿಯುವವರನ್ನು ‘ಅವರು’ ಅನ್ನಿ. ಬಾವುಟ ಹಿಡಿಯುವುದಕ್ಕಿಂತ ಮೊದಲು ಮಾಡಬೇಕಾದ ಕನ್ನಡದ ಕೆಲಸ ಇದು.