ಉಣ್ಣುವ ಕಾಳಿಗೂ ಹೊಲದಲ್ಲಿ ಜಾಗವಿರಲಿ



ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಮುಂಗಾರು ಬಂತೆಂದರೆ ಎತ್ತ ನೋಡಿದರೂ ಗೋವಿನಜೋಳ. ಅದರ ಹೆಚ್ಚಿನ ಪಾಲು ಹೋಗುವುದು ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗೆ. ಮಾರಿ ಬಂದ ಹಣದಲ್ಲಿ ರೈತನ ಮನೆಗೆ ಬರುವುದು ಬಿಳುಪಾದ ಅಕ್ಕಿ, ಮೈದಾ ಬಿಸ್ಕತ್ತು, ಪೊಟ್ಟಣದ ಕುರುಕಲು ತಿಂಡಿ. ಸಕ್ಕರೆ ಕಾಯಿಲೆ ಪಟ್ಟಣದವರದು ಎಂಬ ಮಾತು ಈಗ ಹಳ್ಳಿಯಲ್ಲಿಯೂ ನಿಲ್ಲುವುದಿಲ್ಲ.

ಹಾನಗಲ್ಲ ಭತ್ತದ ಸೀಮೆ. ಅನ್ನ ಬಿಡಿರೆಂದರೆ ಅಲ್ಲಿ ಯಾರೂ ಕೇಳರು, ಬಿಡಬೇಕಾದುದೂ ಇಲ್ಲ. ತೊಂದರೆ ಇರುವುದು ಗಿರಣಿಯಲ್ಲಿ. ೧೦೦ ಗ್ರಾಂ ಪಾಲಿಶ್ ಮಾಡದ ಅಕ್ಕಿಯಲ್ಲಿ ಸುಮಾರು ೦.೨೭ ಮಿ.ಗ್ರಾಂ ಥಯಮಿನ್ ಅಂದರೆ ಬಿ-೧ ಜೀವಸತ್ವವಿದ್ದರೆ, ಪಾಲಿಶ್ ಆದ ಮೇಲೆ ಉಳಿಯುವುದು ೦.೦೫ ಮಿ.ಗ್ರಾಂ ಮಾತ್ರ. ಉಳಿದುದು ತೌಡಿನೊಡನೆ ಹೋಗುತ್ತದೆ. ೧೮೯೦ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡು ಸಹಿತವಾದ ಅಕ್ಕಿ ಹಾಕಿದಾಗ ಅವು ಚೇತರಿಸಿಕೊಂಡುದನ್ನೂ ಕಂಡರು. ಅವರಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನ ಬಂದಿತು. ನಮ್ಮಲ್ಲಿ ತೌಡು ಎಮ್ಮೆಗೆ, ಬಿಳಿ ಅಕ್ಕಿ ಯಜಮಾನನಿಗೆ. ಈ ಪಾಲಿನಲ್ಲಿ ಗೆದ್ದದ್ದು ಎಮ್ಮೆಯೇ.

ಆದುದರಿಂದ ಮನೆಯ ಭತ್ತವನ್ನು ಗಿರಣಿಗೆ ಒಯ್ದಾಗ ಹಗುರವಾಗಿ ಒಂದೇ ಪಾಲಿಶ್ ಸಾಕೆಂದು ಹೇಳಿ ಮಾಡಿಸಬೇಕು. ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಇಂಥ ಅಕ್ಕಿ ಬೇಗ ಕಮಟುತ್ತದೆ. ಎರಡು ಮೂರು ವಾರಕ್ಕೆ ಬೇಕಾದಷ್ಟನ್ನೇ ಮಾಡಿಸುವುದು ಲೇಸು. ಅಡಿಗೆಗೆ ಮುನ್ನ ಅರ್ಧ ಗಂಟೆ ನೆನೆಸಿ, ತುಸು ಹೆಚ್ಚು ನೀರಿಟ್ಟರೆ ಅನ್ನ ಮೆತ್ತಗಾಗುತ್ತದೆ.

ಅಕ್ಕಿಗೂ ರಾಗಿಗೂ ನಡೆದ ವಾದದಲ್ಲಿ ರಾಗಿಯನ್ನು ಗೆಲ್ಲಿಸಿದ ‘ರಾಮಧಾನ್ಯ ಚರಿತೆ’ಯ ಕನಕದಾಸರು ಶಿಗ್ಗಾವಿ ತಾಲ್ಲೂಕಿನ ಬಾಡದವರು. ರಾಗಿಯ ಮಾತಿರಲಿ, ಈ ಸೀಮೆಯ ರೊಟ್ಟಿಯ ಜೋಳವೇ ಮೂಲೆಗೆ ಸರಿದಿದೆ. ೧೦೦ ಗ್ರಾಂ ಜೋಳದಲ್ಲಿ ೧೦ ಗ್ರಾಂನಷ್ಟು ನಾರಿನಂಶವಿದೆ. ಬಿಳಿ ಅಕ್ಕಿಯಲ್ಲಿ ೩ ಗ್ರಾಂ ಕೂಡ ಇಲ್ಲ. ನಾರು ಹೆಚ್ಚಿದ ಊಟ ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವರು ರೊಟ್ಟಿಯನ್ನು ನಂಬಿ ಗುಳಿಗೆ ಬಿಡಬಾರದು.

ಸಾವಿಯ ಕತೆ ಬೇರೆ. ಅದನ್ನು ಕುಟ್ಟಿ, ಕೇರಿ ಅಕ್ಕಿ ಮಾಡುವ ದುಡಿಮೆಯೆಲ್ಲ ಹೆಣ್ಣುಮಕ್ಕಳ ರಟ್ಟೆಯ ಮೇಲೆ ಬೀಳುತ್ತಿತ್ತು. ಸಾವಿ ಹೊಲ ಬಿಟ್ಟುದಕ್ಕೆ ಬೆಲೆಯಷ್ಟೇ ಇದೂ ಕಾರಣ. ಈಗ ಸಿಪ್ಪೆ ಸುಲಿಯುವ ಸಣ್ಣ ಯಂತ್ರಗಳು ದೊರೆಯುತ್ತವೆ. ಊರಿನ ಮಹಿಳಾ ಸಂಘವೊಂದು ಇದನ್ನು ಇರಿಸಿಕೊಂಡರೆ ಅರ್ಧ ತೊಡಕು ಕಳೆದಂತೆ.

ಗೋವಿನಜೋಳವನ್ನು ಪೂರ್ತಿ ಬಿಡಬೇಕಿಲ್ಲ. ಹತ್ತು ಗುಂಟೆಯಾದರೂ ಸಾವಿಗೆ ತೆಗೆದಿಡಬಹುದು. ಜೂನ್-ಜುಲೈನಲ್ಲಿ ಸಾಲಿನಿಂದ ಸಾಲಿಗೆ ಒಂದು ಅಡಿ ಅಂತರದಲ್ಲಿ, ಎಕರೆಗೆ ೩ರಿಂದ ೪ ಕಿ.ಗ್ರಾಂ ಲೆಕ್ಕದಲ್ಲಿ ಬೀಜ ಬಿತ್ತಬೇಕು. ಬೀಜ ಒಂದು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಮೂರು ತಿಂಗಳಿಗೆ ಕೊಯ್ಲು. ಚೆನ್ನಾಗಿ ಒಣಗಿಸಿ ಸಿಪ್ಪೆ ಸಹಿತ ಇಟ್ಟರೆ ಸಾವಿ ವರ್ಷಗಟ್ಟಲೆ ಕೆಡದು. ಬೇಕಾದಾಗ ಬೇಕಾದಷ್ಟೇ ಸುಲಿಸಿಕೊಳ್ಳಬಹುದು.